ಪರದೆ ಮುಚ್ಚಿಟ್ಟು ಆಡಿದ ಆಟ

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದ ವ್ಯಕ್ತಿಯ ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿಗಳಿದ್ದವು. ಇಬ್ಬರು ಎದುರುಬದುರಾಗಿ ಆಡುವ ವಿಡಿಯೋ ಆಟಗಳನ್ನು ಆರ್ಡರ್ ಮೇಲೆ ಮಾಡಿಕೊಡುವ ಸಣ್ಣ ಕಂಪನಿಯ ಮಾಲೀಕ ಆತ. ಆಟದ ಕಲ್ಪನೆಯಿಂದ ಹಿಡಿದು ಚಿತ್ರ, ಪ್ರೋಗ್ರಾಂ, ಶಬ್ದ, ನಾಣ್ಯ ಹಾಕಿ ಆಡುವ ಆಳೆತ್ತರದ ಕ್ಯಾಬಿನೆಟ್‌ವರೆಗೆ ಎಲ್ಲ ಅಲ್ಲಿಯೇ ತಯಾರಾಗುತ್ತಿತ್ತು.

"ಬೋರ್ಡ್ ಹೋಯ್ತು ಮೇಡಂ. ಕ್ಯಾಬಿನೆಟ್ ಹಾಗೇ ನಿಂತಿದೆ, ಒಳಗಿನ ಪ್ರಾಣ ಹೋಗಿದೆ."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. "ಯಾವ ಬೋರ್ಡ್?"

"ಆಟ ಇರೋ ಸರ್ಕ್ಯೂಟ್ ಬೋರ್ಡ್. ಒಂದೇ ಒಂದು ಮಾಡಿಸಿದ್ದು. ನಾಳೆ ಹನ್ನೊಂದಕ್ಕೆ ಗಿರಾಕಿ ನೋಡೋಕೆ ಬರ್ತಾರೆ. ಎಂಟು ಜನ ಎರಡು ವರ್ಷ ದುಡಿದಿದ್ದೀವಿ. ತೋರಿಸೋಕೆ ಆಗ್ಲಿಲ್ಲ ಅಂದ್ರೆ ಬಾಗಿಲು ಹಾಕ್ಕೊಂಡು ಹೋಗೋದೇ."

"ಇನ್ನೊಂದು ಮಾಡಿಸೋಕೆ?"

"ಆರು ವಾರ."

ಒಂಬತ್ತು ಮೂವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಗೋಡೆಯ ಗಡಿಯಾರ ನೋಡಿದರು. ಮಾಲು ಸಿಕ್ಕರೂ ಅದು ಮೊದಲು ನ್ಯಾಯಾಲಯಕ್ಕೆ ಹೋಗಬೇಕು, ಅಲ್ಲಿ ಆದೇಶವಾದರಷ್ಟೇ ಮಾಲೀಕನ ಕೈಸೇರುತ್ತದೆ. ನ್ಯಾಯಾಲಯ ಮುಚ್ಚುವುದು ಸಂಜೆ ಐದಕ್ಕೆ.

"ಜೀಪ್ ತೆಗೀರಿ," ಎಂದರು ಹೆಡ್ ಕಾನ್‌ಸ್ಟೆಬಲ್‌ಗೆ.

ಕಂಪನಿಯಿದ್ದದ್ದು ಮೂರನೇ ಮಹಡಿಯಲ್ಲಿ. ಕೆಳಗಿನ ಪ್ರೆಸ್ಸಿನವರನ್ನೂ ಪಕ್ಕದ ದರ್ಜಿಯನ್ನೂ ಪಂಚರಾಗಿ ಕರೆಸಿ ಹೆಡ್ ಕಾನ್‌ಸ್ಟೆಬಲ್ ಪಂಚನಾಮೆ ಬರೆಯತೊಡಗಿದರು. ಬಾಗಿಲಿನ ಬೀಗ ಮುರಿದಿರಲಿಲ್ಲ. ಅದು ನಂಬರ್ ಒತ್ತಿ ತೆಗೆಯುವ ಬೀಗ, ನಂಬರ್ ಎಂಟೂ ಜನರಿಗೆ ಗೊತ್ತು. ಕ್ಯಾಬಿನೆಟ್ಟಿನ ಹಿಂದಿನ ಹಲಗೆಯ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ ಕಾಗದದ ಲೋಟವೊಂದರಲ್ಲಿ ಜೋಪಾನವಾಗಿ ಇಟ್ಟಿದ್ದರು.

"ಕಳ್ಳ ಭಾರೀ ಅಚ್ಚುಕಟ್ಟು," ಎಂದರು ದರ್ಜಿ.

ಕ್ಯಾಬಿನೆಟ್ಟಿನ ಪರದೆಯ ಮೇಲೆ ಕಂದು ಕಾಗದವಿತ್ತು. ಹಿಂದಿನ ಸಂಜೆ ಪೇಂಟರ್ ಚೌಕಟ್ಟಿಗೆ ಕೆಂಪು ಬಳಿಯುವ ಮುನ್ನ ಅಂಟಿಸಿದ್ದು. ಹೆಡ್ ಕಾನ್‌ಸ್ಟೆಬಲ್ ಅದನ್ನೂ ಬರೆದುಕೊಂಡರು.

ಅಷ್ಟರಲ್ಲಿ ಪ್ರೋಗ್ರಾಂ ಬರೆಯುವ ಹುಡುಗಿ ಕಂಪ್ಯೂಟರ್ ಮುಂದಿನಿಂದ ಕೂಗಿದಳು. ಆಡಿದ ಪ್ರತಿ ಆಟದ ಲೆಕ್ಕ ಕ್ಯಾಬಿನೆಟ್ಟಿನಿಂದ ಅವಳ ಕಂಪ್ಯೂಟರಿಗೆ ಬರುತ್ತಿತ್ತು.

"ಮೇಡಂ, ಇವತ್ತು ಬೆಳಿಗ್ಗೆ ಯಾರೋ ಆಡಿದ್ದಾರೆ! ಆರು ಹನ್ನೆರಡಕ್ಕೆ ಶುರು, ಆರು ಮೂವತ್ತೊಂದಕ್ಕೆ ಮುಗಿದಿದೆ. ಆಮೇಲೆ ಹತ್ತು ನಿಮಿಷಕ್ಕೆ ಬೋರ್ಡ್ ಕಿತ್ತಿದ್ದಾರೆ."

"ಎಷ್ಟು ಜನ?"

"ಇಬ್ಬರು. ಮೊದಲನೇ ಆಟಗಾರನಿಗೆ ಹದಿಮೂರು ಅಂಕ, ಎರಡನೆಯವರಿಗೆ ಇಪ್ಪತ್ತೊಂದು."

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿ ಪರದೆಯ ಹತ್ತಿರ ಹೋದರು. ಮೂಗು ತಾಗುವಷ್ಟು ಬಗ್ಗಿದರು. ಕಾಗದದ ಅಂಚಿನ ಟೇಪಿನ ಮೇಲೆ ಕೆಂಪು ಬಣ್ಣ ಹರಿದು ಒಣಗಿತ್ತು. ಒಂದು ಕೂದಲೆಳೆ ಬಿರುಕೂ ಇರಲಿಲ್ಲ.

"ಮೇಡಂ, ಇದನ್ನ ಯಾರೂ ಬಿಚ್ಚಿಲ್ಲ. ಪರದೆ ಕಾಣದೇ ಆಡಿದ್ದಾರೆ!"

ಇನ್‌ಸ್ಪೆಕ್ಟರ್ ಹುಡುಗಿಯತ್ತ ತಿರುಗಿದರು. "ನೋಡದೇ ಆಡೋಕೆ ಆಗುತ್ತಾ?"

ಹುಡುಗಿ ತಲೆಗೂದಲಿಗೆ ಸಿಕ್ಕಿಸಿದ್ದ ಪೆನ್ಸಿಲ್ ಕಿತ್ತು ಕಚ್ಚಿದಳು. "ಆಗುತ್ತೆ ಅಂತ ಇವತ್ತಿನವರೆಗೂ ಯೋಚಿಸಿರಲಿಲ್ಲ. ಇದು ಎರಡು ದುಂಬಿಗಳ ಆಟ. ಹೂವು ಅರಳಿದ ತಕ್ಷಣ ಯಾರು ಮೊದಲು ಮುಟ್ತಾರೋ ಅವರಿಗೆ ಅಂಕ. ಹೂವು ಎಡಕ್ಕಿದ್ರೆ ಶಬ್ದ ಎಡಗಡೆಯಿಂದ, ಮೇಲಿದ್ರೆ ಸ್ವರ ಮೇಲೆ. ಎಲ್ಲಾನೂ ಕಿವಿಗೆ ಗೊತ್ತಾಗುತ್ತೆ. ಆದ್ರೆ ಗಿರಾಕಿಗೆ ಅದು ಬೇಡ, ಅಬ್ಬರದ ಸಂಗೀತ ಬೇಕಂತೆ. ಇವತ್ತು ಹತ್ತಕ್ಕೆ ಬೋರ್ಡ್ ಅಳಿಸಿ ಹೊಸದು ಹಾಕಬೇಕಿತ್ತು."

"ಹಳೇದರ ಪ್ರತಿ?"

"ಕಳೆದ ವಾರ ಅಳಿಸಿದ್ವಿ. ಉಳಿದಿದ್ದು ಬೋರ್ಡಲ್ಲಿ ಮಾತ್ರ."

"ಆ ಶಬ್ದ ಮಾಡಿದ್ದು ಯಾರು?"

ಕೋಣೆಯಲ್ಲಿದ್ದವರೆಲ್ಲ ಮೂಲೆಯ ಖಾಲಿ ಕುರ್ಚಿ ನೋಡಿದರು. ಸದಾ ಜೇಬಲ್ಲಿ ರೆಕಾರ್ಡರ್ ಇಟ್ಟುಕೊಂಡು ಬಾಗಿಲ ಕಿರುಗುಟ್ಟುವಿಕೆಯನ್ನೂ ಬಿಡದೆ ಹಿಡಿಯುತ್ತಿದ್ದವನಿಗೆ ಕಚೇರಿಯಲ್ಲಿ ಟೇಪು ಎಂದೇ ಹೆಸರು. ಅಂದು ಜ್ವರವೆಂದು ಮೆಸೇಜ್ ಹಾಕಿದ್ದ.

ಮಾಲೀಕ ಒಪ್ಪಲಿಲ್ಲ. "ಅವನು ಅಂಥವನಲ್ಲ. ಇದು ನಮ್ಮ ಎದುರಾಳಿ ಕಂಪನಿಯವರದೇ ಕೈವಾಡ."

"ಎದುರಾಳಿ ಕದಿಯೋಕೆ ಬಂದು ಹತ್ತೊಂಬತ್ತು ನಿಮಿಷ ಆಡ್ತಾ ನಿಲ್ತಾನಾ ಸಾರ್?" ಎಂದರು ಹೆಡ್ ಕಾನ್‌ಸ್ಟೆಬಲ್.

ಬಂದ ಕೂಡಲೇ ಒಮ್ಮೆ ಮಾತಾಡಿಸಿದ್ದ ಕಟ್ಟಡದ ಕಾವಲುಗಾರನನ್ನು ಕೆಳಗೆ ಹೋಗಿ ಎರಡನೇ ಸಲ ವಿಚಾರಿಸಿದರು.

"ಬೆಳಿಗ್ಗೆ ಯಾರು ಬಂದಿದ್ರು?"

"ಟೇಪು ಸಾರ್ ಮತ್ತೆ ಅವರಕ್ಕ. ಆ ಯಮ್ಮಂಗೆ ಕಣ್ಣು ಕಾಣಲ್ಲ. ಆದ್ರೂ ನಾನು ಬಾಯಿ ಬಿಡೋ ಮುಂಚೆ ಅವರೇ ನಮಸ್ಕಾರ ಅಂದ್ರು."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಹೊರಗಿನವರು ಬಂದಿದ್ರಾ ಅಂತ ಕೇಳಿದ್ರಿ. ಅವರು ಒಳಗಿನವರಲ್ವಾ?"

ಟೇಪು ಕೊಟ್ಟಿದ್ದ ವಿಳಾಸದಲ್ಲಿ ಅವರಿರಲಿಲ್ಲ, ಮೂರು ತಿಂಗಳ ಹಿಂದೆಯೇ ಮನೆ ಬದಲಿಸಿದ್ದರು. ಅಕ್ಕ ಆಸ್ಪತ್ರೆಯ ಟೆಲಿಫೋನ್ ವಿಭಾಗದಲ್ಲಿದ್ದಾಳೆಂದು ಹುಡುಗಿಗೆ ನೆನಪಿತ್ತು. ಆಸ್ಪತ್ರೆಗೆ ಹೋದರು. ಆಕೆಗೆ ಅಂದು ರಜೆ. ಅಲ್ಲಿಂದ ಹೊಸ ವಿಳಾಸ ಸಿಕ್ಕಾಗ ಒಂದು ಗಂಟೆ ಐವತ್ತು.

ಅವರ ಮನೆಯಿದ್ದ ನಾಲ್ಕನೇ ಮಹಡಿಗೆ ಇನ್ನೂ ಅರ್ಧದಷ್ಟು ಮೆಟ್ಟಿಲುಗಳಿರುವಾಗಲೇ ಹೆಡ್ ಕಾನ್‌ಸ್ಟೆಬಲ್ ಕೈಯೆತ್ತಿ ನಿಂತರು. ಬಾಗಿಲಾಚೆ ಗುಂಯ್‌ಗುಂಯ್ ಎನ್ನುವ ಎರಡು ದನಿ, ನಡುವೆ ಟಪ್ ಎಂದು ಏನೋ ಬಿರಿದ ಸದ್ದು, ಹಿಂದೆಯೇ ಹೆಂಗಸೊಬ್ಬಳ ಕೇಕೆ.

"ಆಡ್ತಾ ಇದ್ದಾರೆ ಮೇಡಂ!"

ಬಾಗಿಲು ತಟ್ಟಿದರು. ದುಂಬಿಗಳು ನಿಶ್ಶಬ್ದವಾದವು. ಒಳಗೆ ಏನಾದರೂ ಒಡೆದ ಸದ್ದು ಕೇಳೀತೇನೋ ಎಂದು ಇನ್‌ಸ್ಪೆಕ್ಟರ್ ಬಾಗಿಲಿಗೆ ಕಿವಿಯಿಟ್ಟರು. ಕೇಳಿಸಿದ್ದು ಹೆಜ್ಜೆ ಸಪ್ಪಳ ಮಾತ್ರ. ಬಾಗಿಲು ತೆರೆದದ್ದು ಅಕ್ಕ.

"ಇಬ್ಬರಿದ್ದೀರಿ, ಒಬ್ಬರ ಬೂಟಿಗೆ ಎಣ್ಣೆ ಬೇಕು. ಯಾರು?"

"ಪೊಲೀಸ್."

ಮೇಜಿನ ಮೇಲೆ ಮಡಿಸಿದ ಹೊದಿಕೆ, ಅದರ ಮೇಲೆ ಬೋರ್ಡ್. ಎರಡು ತುದಿಗೆ ಎರಡು ಸ್ಪೀಕರ್, ಮುಂದೆ ಎರಡು ಜಾಯ್‌ಸ್ಟಿಕ್. ಪರದೆಯೆಂಬುದು ಆ ಕೋಣೆಯಲ್ಲೇ ಇರಲಿಲ್ಲ. ತೆಳ್ಳಗಿನ ಯುವಕನೊಬ್ಬನ ಕೈ ವೈರಿನ ಮೇಲಿತ್ತು.

"ಕೈ ತೆಗಿ!"

"ಹಾಳು ಮಾಡಲ್ಲ ಮೇಡಂ," ಎಂದ ಟೇಪು. "ಸರಿಯಾಗಿ ಆಫ್ ಮಾಡ್ದೇ ಕಿತ್ರೆ ಸುಟ್ಟುಹೋಗುತ್ತೆ. ಅರ್ಧ ನಿಮಿಷ ಕೊಡಿ."

ಇನ್‌ಸ್ಪೆಕ್ಟರ್ ಕೊಟ್ಟರು. ಮುಂದಿನ ವಿಚಾರಣೆಯನ್ನು ಅಕ್ಕನೇ ನಡೆಸಿದಳು.

"ಲೋ, ಕೇಳ್ಕೊಂಡು ತಂದೆ ಅಂದ್ಯಲ್ಲೋ?"

"ಕೇಳಿದ್ದೆ ಅಕ್ಕಾ. ಕೊಡಲ್ಲ ಅಂದ್ರು."

"ಕೊಡಲ್ಲ ಅಂದ್ಮೇಲೆ ತರೋದಕ್ಕೆ ಏನಂತಾರೆ?"

ಟೇಪು ತಲೆ ತಗ್ಗಿಸಿದ. "ಕದಿಯೋದು."

"ಜೋರಾಗಿ ಹೇಳು. ಅವರು ಬರ್ಕೊಬೇಕು."

ಜಪ್ತಿ ಪಂಚನಾಮೆ ಎರಡು ಮೂವತ್ತಕ್ಕೆ ಮುಗಿಯಿತು. ಅಕ್ಕನಿಗೆ ಏನೂ ಗೊತ್ತಿರಲಿಲ್ಲವೆಂಬುದು ಖಚಿತವಾಯಿತು. ಟೇಪುವನ್ನು ಬಂಧಿಸಿದರು.

"ಆ ಪರದೆ ಮೇಲಿನ ಕಾಗದ ಯಾಕೆ ತೆಗೀಲಿಲ್ಲ ನೀನು?" ಹೆಡ್ ಕಾನ್‌ಸ್ಟೆಬಲ್ ತಡೆಯಲಾರದೆ ಕೇಳಿದರು.

"ಅಕ್ಕಂಗೆ ಕಾಣದೇ ಇರೋದು ನಂಗೂ ಕಾಣಬಾರದು ಅಂತ."

"ಓಹೋ, ಕಾಗದ ಬೇರೆ ಇತ್ತಾ?" ಎಂದಳು ಅಕ್ಕ. "ಅದಕ್ಕೇ ನೀನು ಅಷ್ಟು ಹೀನಾಯವಾಗಿ ಸೋತೆ!" ಅಷ್ಟು ಹೇಳಿ ಮುಖ ತಿರುಗಿಸಿಕೊಂಡಳು. ಅವಳ ಕೈ ಮಾತ್ರ ತಮ್ಮನ ಭುಜವನ್ನು ಬಿಡಲಿಲ್ಲ.

ಜೀಪು ನ್ಯಾಯಾಲಯ ತಲುಪಿದಾಗ ನಾಲ್ಕು ದಾಟಿತ್ತು. ಗುಮಾಸ್ತ ಕಡತಗಳನ್ನು ಕಟ್ಟುತ್ತಿದ್ದ. ಇನ್‌ಸ್ಪೆಕ್ಟರ್ ಅವನ ಮುಂದೆ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನಾಲ್ಕು ಐವತ್ತಕ್ಕೆ ಆದೇಶವಾಯಿತು: ಬೋರ್ಡನ್ನು ಮಾಲೀಕನಿಗೆ ಒಪ್ಪಿಸಬೇಕು, ಅದರಲ್ಲಿರುವುದು ಸಾಕ್ಷ್ಯವಾದ್ದರಿಂದ ಅಳಿಸುವ ಮೊದಲು ಪೂರ್ಣ ಪ್ರತಿಯೊಂದನ್ನು ತೆಗೆದು ಸಲ್ಲಿಸಬೇಕು. ಮಾಲೀಕನ ಜೊತೆ ಬಂದಿದ್ದ ಪ್ರೋಗ್ರಾಂ ಹುಡುಗಿ ಅಲ್ಲೇ ಜಗಲಿಯಲ್ಲಿ ಕುಳಿತು ಪ್ರತಿ ತೆಗೆದಳು. ತೆಗೆಯುವಾಗ ಅವಳ ಮುಖದ ನಗು ಮುಚ್ಚಿಡುವಂತಿರಲಿಲ್ಲ.

ಆರು ಗಂಟೆಗೆ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು. ಎಲ್ಲ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಕೊನೆಯ ಪ್ರಶ್ನೆ ಕೇಳಿದರು.

"ಕೆಲಸ ಹೋಗುತ್ತೆ, ಕೇಸ್ ಬೀಳುತ್ತೆ ಅಂತ ಗೊತ್ತಿತ್ತು. ಆದ್ರೂ ಯಾಕೆ?"

"ಚಿಕ್ಕಂದಿನಿಂದ ನಾನು ಆಡುವಾಗೆಲ್ಲ ಅಕ್ಕ ಪಕ್ಕದಲ್ಲಿ ಕೂತು 'ಈಗೇನಾಯ್ತು, ಈಗೇನಾಯ್ತು' ಅಂತ ಕೇಳ್ತಿದ್ಲು ಮೇಡಂ. ಈ ಆಟದಲ್ಲಿ ಏನೂ ಕೇಳ್ಲಿಲ್ಲ. ಸುಮ್ನೆ ನನ್ನ ಸೋಲಿಸಿದ್ಲು."

ಹೆಡ್ ಕಾನ್‌ಸ್ಟೆಬಲ್ ಅದನ್ನು ಕಡತದ ಭಾಷೆಗೆ ತಿರುಗಿಸಲು ಎರಡು ಸಲ ನೋಡಿದರು. ಆಗಲಿಲ್ಲ. ಅವನು ಹೇಳಿದಂತೆಯೇ ಬರೆದು, ಕೆಳಗೆ ಸಹಿ ಹಾಕಿಸಿಕೊಂಡರು.