ಇವತ್ತು ಐದಕ್ಕೆ ಹೊರಡುವ ಲಾಂಚ್

"ಲಾಂಚ್ ಐದಕ್ಕೆ ಹೊರಡುತ್ತಾ?"

ದಡದ ಮಣ್ಣಿನ ಮೆಟ್ಟಿಲಿಳಿದು ಓಡಿ ಬಂದವನು ಏದುಸಿರು ಬಿಡುತ್ತ ಕೇಳಿದ. ದೆಲ್ಮಿರಾ ಸೀಮೆಸುಣ್ಣ ಕೆಳಗಿಟ್ಟು ತಿರುಗಿದಳು. ಬೆವರಿದ ಮುಖ, ಗಾಬರಿಯ ಕಣ್ಣು... ಯಾಕೋ ಅವಳು ಅವನನ್ನೇ ನೋಡುತ್ತ ನಿಂತಳು.

"ಹಲಗೆ ಮೇಲೆ ಹಾಗೇ ಬರ್ದಿದೆಯಲ್ಲ."

"ಹಾಗಾದ್ರೆ ಹೊರಡುತ್ತೆ."

"ಬರ್ದಿದ್ದು ನಾನೇ. ಅದಕ್ಕೇ ಹೇಳ್ತಿದೀನಿ, ಹೊರಡಲ್ಲ."

ಕಾಡುನದಿಯ ದಡದ ಪುಟ್ಟ ಊರು ಪುವೆರ್ತೊ ಲುಪುನಾದಲ್ಲಿ ಬಾಳೆಗೊನೆ, ಹಂದಿ, ಜನ ಎಲ್ಲ ತುಂಬಿದ ಮೇಲೆಯೇ ಲಾಂಚ್ ಹೊರಡುವುದು. ಅಲ್ಲಿಯವರೆಗೆ ಹಲಗೆಯ ಮೇಲೆ ದಿನವೂ 'ಇವತ್ತು ಐದಕ್ಕೆ'. ಪ್ರಯಾಣಿಕರು ಲಾಂಚಿನಲ್ಲಿ ಕಟ್ಟಿಕೊಂಡು ಮಲಗುವ ಜೋಲಿ, ಹಗ್ಗಗಳನ್ನು ದಡದಲ್ಲಿ ಮಾರುವ ದೆಲ್ಮಿರಾಳೇ ಕ್ಯಾಪ್ಟನ್‌ಗಾಗಿ ಅದನ್ನು ಬರೆಯುತ್ತಿದ್ದಳು.

ಅವನು ಅರ್ತೆಮಿಯೊ. ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್ ರಿಪೇರಿಗೆ ದೂರದ ಪಟ್ಟಣ ಇಕಿತೋಸ್‌ನಿಂದ ಬಂದಿದ್ದ. ಲಾಂಚ್ ತುಂಬುವವರೆಗೆ ಅವಳ ಅಂಗಡಿಯ ಮುಂದೆ ಕೂರುವುದೇ ಅವನ ಕೆಲಸವಾಯಿತು.

ಎಲ್ಲ ಪ್ರಯಾಣಿಕರಿಗೆ ಹೇಳುವುದನ್ನೇ ಅವನಿಗೂ ಹೇಳಿದಳು. ಜೋಲಿಯನ್ನು ಎಂಜಿನ್‌ಗೂ ಕಕ್ಕಸಿಗೂ ದೂರ ಕಟ್ಟಬೇಕು. ದೀಪದ ಕೆಳಗಂತೂ ಬೇಡ, ಹುಳ ಸುರಿಯುತ್ತವೆ. ಬೇಗ ಕಟ್ಟಿ ಜಾಗ ಹಿಡಿದರೆ ಆ ಜೋಲಿಯನ್ನು ಯಾರೂ ಮುಟ್ಟುವುದಿಲ್ಲ. ಊಟದ ಬಟ್ಟಲು, ಚಮಚ ನಮ್ಮದೇ ಒಯ್ಯಬೇಕು. ಹರಿದ ನೋಟು ನಡೆಯುವುದಿಲ್ಲ. ಒದ್ದೆ ಬಟ್ಟೆಯನ್ನು ಚೀಲಕ್ಕೆ ತುರುಕಲೇಬಾರದು, ಮುಗ್ಗಲು ಹಿಡಿಯುತ್ತದೆ.

"ನೀವು ಎಷ್ಟು ಸಲ ಹೋಗಿ ಬಂದಿದೀರಿ?" ಅವನು ನಗುತ್ತ ಕೇಳಿದ.

"ಒಂದ್ಸಲವೂ ಇಲ್ಲ."

ಅವನ ನಗು ನಿಂತಿತು.

ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವಳೊಬ್ಬಳೇ. ಅವಳ ಮಾತು ಕೇಳಿದವರೆಲ್ಲ ಹೊರಟುಹೋಗುವವರೇ. ಸುಖವಾಗಿ ತಲುಪಿದೆವು ಎಂದು ತಿರುಗಿ ತಿಳಿಸಿದವರು ಯಾರೂ ಇರಲಿಲ್ಲ...

ಒಂದು ಮಧ್ಯಾಹ್ನ ಅವನು ಎರಡನೆಯ ಜೋಲಿ ಕೊಂಡ.

"ಇದನ್ನೂ ನನ್ನ ಪಕ್ಕದಲ್ಲೇ ಕಟ್ತೀನಿ. ಬರ್ತೀಯಾ?"

ಮೊದಲ ಸಲ ಏಕವಚನ! ಮನಸ್ಸು ಆಗಲೇ ಹೂಂ ಎಂದಿತ್ತು. ಬಾಯಿ ಮಾತ್ರ, ಬಾಳೆಗೊನೆ ಇನ್ನೂ ಬಂದಿಲ್ಲ, ಲಾಂಚ್ ಹೊರಡಲು ಎರಡು ದಿನ ಇದೆ ಎಂದಿತು.

ಮನೆಗೆ ಹೋದವಳೇ ಇದ್ದ ಒಳ್ಳೆಯ ಬಟ್ಟೆಗಳನ್ನೆಲ್ಲ ಒಗೆದು ಹರವಿದಳು. ಆ ತೇವದ ಗಾಳಿಯಲ್ಲಿ ಅವು ಒಣಗಲು ಎರಡು ದಿನ ಬೇಕೇ ಬೇಕು. ಅವನ ಮುಂದೆ ಮುಗ್ಗಲು ವಾಸನೆಯಲ್ಲಿ ನಿಲ್ಲುವುದು ಹೇಗೆ?

ಅಂದೇ ಐದಕ್ಕೆ ಲಾಂಚಿನ ಸೀಟಿ ಕೇಳಿಸಿತು.

ಒದ್ದೆ ಬಟ್ಟೆ ಬಾಚಿಕೊಂಡು ಓಡಿದಳು. ಲಾಂಚ್ ಆಗಲೇ ನಡುನದಿಯಲ್ಲಿತ್ತು. ನೀರು ಸರಸರನೆ ಇಳಿಯುತ್ತಿತ್ತು. ಮರಳಿಗೆ ಸಿಕ್ಕಿಕೊಳ್ಳುವ ಭಯಕ್ಕೆ ಕ್ಯಾಪ್ಟನ್ ಅರ್ಧ ಸರಕಿಗೇ ಹೊರಟಿದ್ದ. ಅವಳ ಹಲಗೆ ಅಂದು ಮೊದಲ ಬಾರಿಗೆ ನಿಜ ಹೇಳಿತ್ತು.

'ಒಂದು ಕ್ಷಣ ಲಾಂಚ್ ನಿಲ್ಲಿಸಿ ಎನ್ನಲಾಗಲಿಲ್ಲವೇ ಅರ್ತೆಮಿಯೊಗೆ?'

ನೀರಿಳಿದ ತಿಂಗಳುಗಳಲ್ಲಿ ಯಾವ ಲಾಂಚೂ ಬರಲಿಲ್ಲ. ಅಳಿಸಲು ಮನಸ್ಸಾಗದ 'ಇವತ್ತು ಐದಕ್ಕೆ'ಯ ಎದುರು ಅವಳು ಒಬ್ಬಳೇ ಕೂತಿರುತ್ತಿದ್ದಳು.

ನದಿ ಮತ್ತೆ ತುಂಬಿದಾಗ ಅದೇ ಲಾಂಚ್ ಬಂತು. ಅದರ ಅಡುಗೆಯ ಹೆಂಗಸು ಎರ್ಸಿಲಿಯಾ ಇಳಿದವಳೇ ಬೈಯತೊಡಗಿದಳು. ಅಂದು ಜೋಲಿ ಕಟ್ಟುತ್ತಿದ್ದ ರಿಪೇರಿ ಹುಡುಗ, ಲಾಂಚ್ ಹೊರಟದ್ದು ಕಂಡು ತಿರುಗಿಸಿ ಎಂದು ಅಂಗಲಾಚಿದನಂತೆ. ತಿರುಗಿಸಿದರೆ ಮಳೆಗಾಲದವರೆಗೂ ಮರಳಲ್ಲೇ ಸಿಕ್ಕಿಕೊಂಡಿರಬೇಕು ಎಂದನಂತೆ ಕ್ಯಾಪ್ಟನ್. ಮುಂದಿನ ಊರುಗಳಲ್ಲಿ ಜನ ಒಬ್ಬರ ಮೇಲೊಬ್ಬರು ಹತ್ತಿದರಂತೆ.

"ಒಬ್ಳು ಬಸುರಿ ಜಾಗ ಕೇಳಿದ್ಳು. ತನ್ನ ಜೋಲಿ ಕೊಟ್ಟು ಬರೀ ನೆಲದ ಮೇಲೆ ಮಲ್ಕೊಂಡ ಕಣೇ. ಪಕ್ಕದ ಖಾಲಿ ಜೋಲಿ ಮಾತ್ರ ಕೊಡ್ಲಿಲ್ಲ. ನೀನು ನೋಡಿದ್ರೆ ಇಲ್ಲಿ ಬಟ್ಟೆ ಒಣಗಿಸ್ತಾ ಕೂತಿದ್ಯಂತೆ!"

ದೆಲ್ಮಿರಾ ಅಂಗಡಿ ಮುಚ್ಚಿದಳು. ಮನೆಗೆ ಹೋಗಿ, ಅಂದು ಬೆಳಿಗ್ಗೆ ಒಗೆದು ಹಗ್ಗಕ್ಕೆ ಹಾಕಿದ್ದ ಬಟ್ಟೆಯನ್ನು ಒದ್ದೆಯಾಗಿದ್ದಂತೆಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದಳು. ತಡವಾಗಿ ಲಾಂಚ್ ಹತ್ತಿದ್ದರಿಂದ ಉಳಿದದ್ದು ದೀಪದ ಕೆಳಗಿನ ಜಾಗವೊಂದೇ. ದಾರಿಯುದ್ದಕ್ಕೂ ಮೈಮೇಲೆ ಹುಳ ಸುರಿದವು. ಎರ್ಸಿಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಕಿತೋಸ್‌ನ ಬಂದರಿನ ಹಿಂದೆ ಅವನ ರಿಪೇರಿ ಅಂಗಡಿ. ಒಳಗೆ ಎರಡು ಜೋಲಿ. ಒಂದರ ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ.

ಅವನು ತಲೆಯೆತ್ತಿದ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುವುದನ್ನೂ ಮರೆತ.

"ತಡವಾಯ್ತು. ಬಟ್ಟೆ ಒಣಗಿರ್ಲಿಲ್ಲ..." ಎಂದಳು.

"ಒದ್ದೆ ಬಟ್ಟೇಲೇ ಬರ್ಬಹುದಿತ್ತಲ್ಲ."

ಅವಳು ಚೀಲ ಮುಂದೆ ಚಾಚಿದಳು.

"ಹಾಗೇ ಬಂದಿದೀನಿ. ವಾಸನೆ ಬರ್ತಿದೆ, ಬಿಚ್ಚಬೇಡ."

ಅವನು ಬಿಚ್ಚಿದ. ಒಂದೊಂದೇ ಬಟ್ಟೆ ಕೊಡವಿ, ಜೋಲಿಯ ಹಗ್ಗದ ಮೇಲೆ ಹರವತೊಡಗಿದ.