ಎಲೆಯ ಮುಂದೆ ಉಣ್ಣದೆ ಕೂತವಳು

"ಈ ವಿಡಿಯೋ ಮಾಡಿದ್ದು ನೀವೇನಾ?"

ಬಾಶೆಟ್ಟಿಹಳ್ಳಿಯ ಬಸ್ ಸ್ಟಾಪಿನಲ್ಲಿ ಮೊದಲ ಶಿಫ್ಟ್ ಮುಗಿಸಿದ ಜನ ಕಿಕ್ಕಿರಿದಿದ್ದರು. ಪ್ರಮೋದಾ ತನ್ನ ಫೋನನ್ನು ಆ ಹುಡುಗನ ಮುಖಕ್ಕೇ ಹಿಡಿದಿದ್ದಳು. ಬಂದಿದ್ದು ಕೋಪವೋ, ಅಳುವೋ... ಅವಳಿಗೇ ಗೊತ್ತಿರಲಿಲ್ಲ.

ಮುನಿಕೃಷ್ಣ ಫೋನಿನ ಪರದೆ ನೋಡಿದ. ಮುಖ ಅರಳಿತು. ಪಾಪ, ಅಭಿಮಾನಿಯೊಬ್ಬಳು ಹುಡುಕಿಕೊಂಡು ಬಂದಿದ್ದಾಳೆ ಅಂದುಕೊಂಡ.

"ಹೌದು ಮೇಡಂ, ನಮ್ದೇ ಚಾನೆಲ್. ಸಬ್‌ಸ್ಕ್ರೈಬ್ ಮಾಡಿದೀರಾ?"

"ಇವಳು ನಮ್ಮಮ್ಮ."

ಅವನ ನಗು ಅಲ್ಲೇ ನಿಂತಿತು.

"ಕೆಳಗೆ ಕಾಮೆಂಟಲ್ಲಿ ಓಡಿಹೋದೋಳು ಅಂತ ಬರ್ದಿದಾರಲ್ಲ, ಓದಿದೀರಾ? ನಾಲ್ಕು ಲಕ್ಷ ಜನ ನೋಡಿದಾರೆ. ನಮ್ಮೂರಲ್ಲಿ ನೋಡ್ದೆ ಇರೋರೇ ಇಲ್ಲ. ಇಪ್ಪತ್ತೈದು ವರ್ಷಕ್ಕೆ ಜನ ಹೆಂಗೋ ಮರೀತಾ ಬಂದಿದ್ರು. ನೀವು ನೆನಪು ಮಾಡ್ಕೊಟ್ರಿ. ಭಾರಿ ಉಪಕಾರ ಆಯ್ತು."

ಬಸ್ಸು ಬಂತು. ಅವಳು ಹತ್ತಿದಳು. ಅವನೂ ಅದೇ ಬಸ್ಸಿಗೆ ಹೋಗಬೇಕಿತ್ತು, ಆದರೆ ಹತ್ತದೆ ಅಲ್ಲೇ ಉಳಿದ.

ಆ ವಿಡಿಯೋದ ಕಥೆಯನ್ನು ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಹುಡುಗಿಯ ಸಂಕಟ ನಿಮಗೆ ಅರ್ಥವಾಗುವುದಿಲ್ಲ.

'ಒಂದೇ ಪಂಕ್ತಿ' ಅಂತ ಒಂದು ಹಳೆಯ ಸಿನಿಮಾ. ಅಣ್ಣತಮ್ಮಂದಿರು ಜಗಳವಾಡಿ, ಮನೆಯ ನಡುವೆ ಗೋಡೆ ಎಬ್ಬಿಸಿ, ಕೊನೆಗೆ ಗೋಡೆ ಒಡೆದು ಒಂದೇ ಸಾಲಿನಲ್ಲಿ ಕೂತು ಉಣ್ಣುವ ಕಥೆ. ಹಬ್ಬ ಬಂದರೆ ಟಿವಿಯಲ್ಲಿ ಹಾಕುತ್ತಾರೆ. ಮುಂದೇನಾಗುತ್ತದೆಂದು ಗೊತ್ತಿದ್ದರೂ ಹೆಂಗಸರು ಪ್ರತಿ ಸಲ ಅಳುತ್ತಾರೆ. ಆ ಕೊನೆಯ ಊಟದ ದೃಶ್ಯ ತೆಗೆದದ್ದು ದೊಡ್ಡಬೆಳವಂಗಲದ ತೊಟ್ಟಿಮನೆಯೊಂದರಲ್ಲಿ. ಸಾಲು ತುಂಬಿಸಲು ಊರಿನ ಹೆಂಗಸರನ್ನೇ ಕರೆದಿದ್ದರು. ಇರುವುದರಲ್ಲಿ ಒಳ್ಳೆಯ ಸೀರೆ ಉಟ್ಟು ಬನ್ನಿ ಅಂದಿದ್ದರು.

ಹಿಂದಿನ ಸಾಲಿನಲ್ಲಿ ಹಸಿರು ಸೀರೆಯವಳೊಬ್ಬಳು. ಎಲ್ಲರೂ ಉಣ್ಣುತ್ತಾರೆ, ನಗುತ್ತಾರೆ. ಇವಳು ಮಾತ್ರ ಎಲೆ ಮುಟ್ಟುವುದಿಲ್ಲ. ಕ್ಯಾಮೆರಾಗೆ ಕಾಣದ ಎಡಗಡೆಗೆ ಒಂದೇ ಸಮ ನೋಡುತ್ತಿರುತ್ತಾಳೆ. ಹನ್ನೊಂದು ಸೆಕೆಂಡು.

ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುವ ಮುನಿಕೃಷ್ಣನಿಗೆ ರಜೆ ಬಂದರೆ ಹಳೆಯ ಸಂಸಾರದ ಸಿನಿಮಾಗಳನ್ನು ಜಾಲಾಡುವ ಹುಚ್ಚು. ಹೇಳದೆ ಬಿಟ್ಟದ್ದನ್ನು ಊಹಿಸಿ 'ಥಿಯರಿ' ಕಟ್ಟಿ ಚಾನೆಲ್‌ಗೆ ಹಾಕುತ್ತಿದ್ದ. ಹಸಿರು ಸೀರೆಯವಳಿಗೂ ಒಂದು ಕಟ್ಟಿದ. 'ಅವಳು ಆ ಮನೆಯ ಸೊಸೆ. ಅವಳು ಪ್ರೀತಿಸಿದವನು ಫ್ರೇಮಿನ ಹೊರಗೆ ಕಾಯುತ್ತಿದ್ದಾನೆ. ಊಟ ಮುಗಿದ ಮೇಲೆ ಅವಳು ಅವನ ಜೊತೆ ಹೊರಟುಹೋಗುತ್ತಾಳೆ.'

ಏನೂ ಗೊತ್ತಿಲ್ಲದೆ ಹೇಳಿದ ಮಾತು, ಊರಿನವರು ಹೇಳುತ್ತಿದ್ದುದೂ ಅದೇ ಆಗಬೇಕೆ? ಶೂಟಿಂಗ್ ಮುಗಿದ ಮಾರನೆಯ ಬೆಳಿಗ್ಗೆ ಆ ಹಸಿರು ಸೀರೆಯವಳು, ಅದೇ ಊರಿನ ಬೈಲಪ್ಪನ ಹೆಂಡತಿ ಆಶಾರಾಣಿ, ಮನೆಯಲ್ಲಿರಲಿಲ್ಲ. ಮೂರು ವರ್ಷದ ಮಗಳನ್ನು ಬಿಟ್ಟು ಶೂಟಿಂಗಿನವರ ಜೊತೆ ಹೋದಳು ಅಂತ ಊರು ತೀರ್ಮಾನ ಮಾಡಿತು.

ಆ ಮಗಳೇ ಪ್ರಮೋದಾ. ಕುಡಿದು ಕುಡಿದು ಅಪ್ಪ ಸತ್ತ. ಅಪ್ಪನ ತಾಯಿ, ಅಜ್ಜಿಯೇ ಸಾಕಿದಳು. ಆ ಸಿನಿಮಾ ಬಂದರೆ ಅಜ್ಜಿ ಎದ್ದು ಟಿವಿ ಆರಿಸುತ್ತಿದ್ದಳು. ಅಮ್ಮನ ತವರಾದ ಸಮೇತನಹಳ್ಳಿಯ ಹೆಸರು ಎತ್ತಿದರೆ, "ಅವ್ರೂ ಅವಳನ್ನ ಬಿಟ್ಟವ್ರೆ, ಹೋಗಿ ಮರ್ಯಾದೆ ಕಳ್ಕಬೇಡ" ಅನ್ನುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿಗೆ ಸ್ವಂತ ಫೋನು ಬಂದ ಮೇಲೆ ಪ್ರಮೋದಾ ಅಮ್ಮನನ್ನು ಮೊದಲ ಸಲ ನೋಡಿದಳು. ಹನ್ನೊಂದು ಸೆಕೆಂಡು. ಆಮೇಲೆ ಎಷ್ಟು ಸಲ ನೋಡಿದಳೋ, ಲೆಕ್ಕವಿಲ್ಲ.

ಹೋದ ವರ್ಷ ಗಂಡಿನ ಕಡೆಯವರು ತಾಯಿಯ ಸುದ್ದಿ ಕೇಳಿ ಒಪ್ಪಿದ್ದ ಸಂಬಂಧ ಬಿಟ್ಟರು. ಅದಕ್ಕೂ ಅವಳು ಅಳಲಿಲ್ಲ. ಅವಳನ್ನು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. 'ಅಮ್ಮ ನೋಡುತ್ತಿದ್ದುದು ಯಾರನ್ನು? ನನಗಿಂತ ಹೆಚ್ಚಾದ ಆ ಮನುಷ್ಯ ಯಾರು?'

ಮಾರನೆಯ ದಿನ ಮುನಿಕೃಷ್ಣ ಅವಳಿಗಿಂತ ಮೊದಲೇ ಬಂದು ನಿಂತಿದ್ದ.

"ತೆಗ್ದಾಕಿದೀನಿ ವಿಡಿಯೋನ. ಕ್ಷಮೆ ಕೇಳೋಕೆ ಮುಖ ಇಲ್ಲ. ಆದ್ರೂ ಕೇಳ್ತಿದೀನಿ."

ಪ್ರಮೋದಾ ಫೋನನ್ನು ಬ್ಯಾಗಿಗೆ ಹಾಕಿದಳು.

"ಒಂದು ಹೇಳ್ರಿ. ಸಿನಿಮಾ ನೋಡಿ, ಅತ್ತು, ಎದ್ದೋಗೋದು ಬಿಟ್ಟು ಯಾಕ್ರೀ ಹಿಂಗೆ ಕೆದಕ್ತೀರಾ?"

"ನಮ್ಮಪ್ಪನೂ ಚಿಕ್ಕಪ್ಪನೂ ಹದಿನಾಲ್ಕು ವರ್ಷದಿಂದ ಮಾತಾಡಿಲ್ಲ. ಅಕ್ಕಪಕ್ಕದ ಮನೆ. ಸಿನಿಮಾದಲ್ಲಿ ನೋಡಿದ್ರೆ ಐದೇ ನಿಮಿಷಕ್ಕೆ ಎಲ್ಲರೂ ಒಂದಾಗ್ಬಿಡ್ತಾರೆ. ನಂಬೋಕೂ ಆಗಲ್ಲ, ಬಿಡೋಕೂ ಆಗಲ್ಲ. ಏನೋ ಒಂದನ್ನ ತೋರಿಸ್ದೆ ಬಿಟ್ಟಿದಾರೆ, ಅದು ಸಿಕ್ಕಿದ್ರೆ ನಮ್ಮನೇನೂ ಸರಿಹೋಗುತ್ತೇನೋ ಅಂತ ಹುಡುಕ್ತೀನಿ. ಬೇರೆಯವರ ಕಾಮೆಂಟ್ ಓದಿ ಬೇಕಾದ್ರೆ. ಅರ್ಧ ಜನ ಸಿನಿಮಾ ಹೆಸರಲ್ಲಿ ತಮ್ಮ ಮನೆ ಕಥೇನೇ ಬರ್ದಿರ್ತಾರೆ."

ಪ್ರಮೋದಾ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಇಷ್ಟು ವರ್ಷ ತಾನು ಹನ್ನೊಂದು ಸೆಕೆಂಡನ್ನು ಹಿಡಿದುಕೊಂಡು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ?

"ಹಂಗಾದ್ರೆ ನಾನೂ ನಿಮ್ಮ ಜಾತಿಯೋಳೇ ಬಿಡಿ," ಅಂದಳು.

ಅಂದಿನಿಂದ ಇಬ್ಬರೂ ಒಂದೇ ಸೀಟಿನಲ್ಲಿ ಕೂರತೊಡಗಿದರು. ಅವನು ಕಿಟಕಿ ಪಕ್ಕ ಅವಳಿಗೆ ಬಿಡುತ್ತಿದ್ದ. ಗಾರ್ಮೆಂಟ್ಸಿನಲ್ಲಿ ಬಟ್ಟೆ ಚೆಕಿಂಗ್ ಮಾಡುವವಳ ಕಣ್ಣು ಸುಮ್ಮನಿರುತ್ತದೆಯೇ?

"ಈ ಶರ್ಟ್ ನಮ್ಮ ಲೈನಿಗೆ ಬಂದಿದ್ರೆ ರಿಜೆಕ್ಟು. ಕಾಲರ್ ಹೊಲಿಗೆ ಸೊಟ್ಟ."

"ಒಳಗಿರೋನು?"

"ಅವ್ನು ಇನ್ನೂ ಚೆಕಿಂಗಲ್ಲಿದಾನೆ."

ಮುನಿಕೃಷ್ಣ ನಕ್ಕ. ಅವಳೂ ನಕ್ಕಳು. ನಕ್ಕ ಮೇಲೆ ಅವಳಿಗೇ ಹೆದರಿಕೆಯಾಯಿತು. 'ಬೇಡ ಕಣೇ ಪ್ರಮೋದಾ... ಇವನ ಮನೆಗೂ ನಿಮ್ಮಮ್ಮನ ಸುದ್ದಿ ಮುಟ್ಟುತ್ತೆ.' ಆದರೂ ಎರಡು ತಿಂಗಳಲ್ಲಿ ಮನಸ್ಸು ಅವಳ ಮಾತು ಕೇಳುವುದನ್ನು ಬಿಟ್ಟಿತ್ತು.

ಒಂದು ಶುಕ್ರವಾರ ಅವನು ಹೇಳಿದ. "ಆ ಶೂಟಿಂಗಲ್ಲಿ ಫೋಟೋ ತೆಗೀತಿದ್ದ ಕೆಂಪರಾಜ್ ಅನ್ನೋರು ಯಲಹಂಕದಲ್ಲಿದಾರಂತೆ. ಹಳೇ ಫೋಟೋ ಎಲ್ಲಾ ಇಟ್ಟಿದಾರಂತೆ. ಭಾನುವಾರ ಹೋಗ್ಬರ್ತೀನಿ. ನಿಮ್ಮಮ್ಮ ಯಾರನ್ನ ನೋಡ್ತಿದ್ರೋ, ಗೊತ್ತಾದ್ರೆ ಹೇಳ್ಲಾ?"

"ಯಾರೇ ಆಗಿರ್ಲಿ, ಹೇಳಿ. ಅಮ್ಮ ಎಲ್ಲಿದಾಳೆ ಅಂತ ಗೊತ್ತಾದ್ರೆ ಅದನ್ನೂ ಹೇಳಿ. ಬೈಯಲ್ಲ. ನನ್ನನ್ನ ಯಾಕೆ ಬಿಟ್ಟೋದೆ ಅಂತ ಒಂದ್ಸಲ ಕೇಳ್ಬೇಕು, ಅಷ್ಟೇ."

ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನು ಎತ್ತಲಿಲ್ಲ. ಬುಧವಾರ ಒಂದು ಮೆಸೇಜು: 'ಶಿಫ್ಟ್ ಬದಲಾಗಿದೆ.'

ಅಷ್ಟೇ.

ಹದಿನಾರು ದಿನ ಕಿಟಕಿ ಪಕ್ಕದ ಸೀಟಿನಲ್ಲಿ ಅವಳೊಬ್ಬಳೇ ಕೂತಳು. ಜೊತೆಯಲ್ಲಿ ಕೆಲಸ ಮಾಡುವ ಸಿಂಚನ, "ಮನೇಲಿ ಹೇಳಿರ್ತಾನೆ, ಬೇಡ ಅಂದಿರ್ತಾರೆ. ಬಿಡೆ ಅತ್ಲಾಗೆ," ಅಂದಳು. ಪ್ರಮೋದಾ ತಲೆಯಾಡಿಸಿದಳು. ಇದೇನು ಹೊಸದೇ? ಆದರೆ ಹೋದ ವರ್ಷ ಬಾರದ ಅಳು ಈ ಸಲ ಬಂತು. ಫ್ಯಾಕ್ಟರಿಯ ನಲ್ಲಿಯ ಮುಂದೆ ಮುಖ ತೊಳೆಯುತ್ತಾ, ತೊಳೆಯುತ್ತಾ ಅತ್ತಳು.

ಹದಿನೇಳನೆಯ ದಿನ ನೇರವಾಗಿ ಅವನ ಫ್ಯಾಕ್ಟರಿ ಗೇಟಿಗೇ ಹೋಗಿ ನಿಂತಳು. ಅವನು ಹೊರಗೆ ಬಂದ. ಗಡ್ಡ ಬಿಟ್ಟು, ಕಣ್ಣು ಒಳಗೆ ಹೋಗಿ, ಅರ್ಧ ಆಗಿದ್ದ.

"ಬೇಡ ಅಂತ ನಿಮ್ಮ ಬಾಯಲ್ಲೇ ಹೇಳ್ಬಿಡಿ. ಓಡಿಹೋದೋಳ ಮಗಳು ನಮ್ಮನೆಗೆ ಬೇಡ ಅಂತ. ಕೇಳಿಸ್ಕೊಂಡು ಹೋಗ್ತೀನಿ."

ಮುನಿಕೃಷ್ಣ ಜೇಬಿನಿಂದ ಒಂದು ಕವರ್ ತೆಗೆದ. ದಿನವೂ ಇಟ್ಟುಕೊಂಡು ಓಡಾಡುತ್ತಿದ್ದ ಅಂತ ಕಾಣುತ್ತದೆ, ಅಂಚೆಲ್ಲ ಮುದುಡಿತ್ತು. ಒಳಗೆ ಒಂದು ಫೋಟೋ. ಅದೇ ಊಟದ ಸಾಲು. ಆದರೆ ದೂರದಿಂದ ತೆಗೆದದ್ದು. ಸಿನಿಮಾದಲ್ಲಿ ಕಾಣದ ಲೈಟುಗಳು, ಹಗ್ಗದ ಆಚೆ ನಿಂತ ಜನ, ಎಲ್ಲವೂ ಇತ್ತು. ಎಡಗಡೆಯ ಅಂಚಿನಲ್ಲಿ ಒಬ್ಬ ಹೆಂಗಸು. ಅವಳ ಕಂಕುಳಲ್ಲಿ ಒಂದು ಮಗು. ಎರಡೂ ಕೈ ಚಾಚಿ ಬಾಯಿಬಿಟ್ಟು ಅಳುತ್ತಿದೆ.

ಆ ಹೆಂಗಸು ಅಜ್ಜಿ.

"ಇದು..."

"ನೀವೇ. ನಿಮ್ಮಮ್ಮ ನೋಡ್ತಿದ್ದಿದ್ದು ನಿಮ್ಮನ್ನೇ."

ಪ್ರಮೋದಾ ಫೋಟೋವನ್ನು ಕಣ್ಣಿನ ಹತ್ತಿರ ತಂದಳು. ನಾನಾ? ಅಮ್ಮ ನೋಡಿದ್ದು ನನ್ನನ್ನಾ? ಆಮೇಲೆ ಅವನ ಮುಖ ನೋಡಿದಳು. ಇಷ್ಟು ಒಳ್ಳೆಯ ಸುದ್ದಿ ಹೇಳುವವನ ಮುಖ ಹೀಗಿರುವುದಿಲ್ಲ.

"ಇನ್ನೇನೋ ಇದೆ. ಹೇಳಿ."

"ಮಾರನೇ ದಿನ ನೀವು ಹೇಳಿದ್ದ ಸಮೇತನಹಳ್ಳಿಗೆ ಹೋಗಿದ್ದೆ. ನಿಮ್ಮ ಸೋದರಮಾವನ ಹೆಂಡ್ತಿ ಅನುಸೂಯಮ್ಮ ಸಿಕ್ಕಿದ್ರು, ಫೋಟೋ ನೋಡಿ ನಿಮ್ಮನ್ನ ಗುರುತು ಹಿಡಿದ್ರು. ನಿಮ್ಮಮ್ಮ ಯಾರ ಜೊತೇನೂ ಹೋಗಿರ್ಲಿಲ್ಲ. ತವರಿಗೆ ಹೋಗಿದ್ರು. ಅಲ್ಲೇ ಇದ್ರು." ಅವನು ಖಾಲಿ ಕವರನ್ನು ಮಡಿಸಿದ. "ಎರಡು ವರ್ಷ ಇದ್ರು. ಆಮೇಲೆ ಜ್ವರ ಬಂದು... ಇಲ್ಲ ಪ್ರಮೋದಾ. ಅವ್ರು ಇಲ್ಲ. ನೀವು ಕೇಳ್ಬೇಕು ಅಂತ ಕಾಯ್ತಿದ್ರಿ. ಹೆಂಗೆ ಬಂದು ಹೇಳ್ಲಿ ನಾನು? ಬಸ್ ಸ್ಟಾಪಿನ ತನಕ ಬಂದು ಬಂದು ವಾಪಸ್ ಹೋದೆ."

ಅವಳು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು. ಅವನು ಪಕ್ಕದಲ್ಲೇ ನೆಲದ ಮೇಲೆ ಕೂತ. ಶಿಫ್ಟಿನ ಜನ ನೋಡಿಕೊಂಡು ಹೋದರು. ನೋಡಲಿ ಬಿಡಿ.

ಮನೆಗೆ ಹೋಗಿ ಅವಳು ಏನೂ ಕೇಳಲಿಲ್ಲ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದೆ ಫೋಟೋ ಇಟ್ಟಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು.

"ನೀನು ಅಳ್ತಿದ್ದೆ," ಅಂದಳು ಕೊನೆಗೆ. "ಅವ್ಳು ಏಳಾಕೋದ್ಲು. ಶೂಟಿಂಗ್ನೋರು ಕೂತ್ಕೊಳಮ್ಮ ಅಂತ ಗದರಿದ್ರು. ತುತ್ತು ಇಳೀಲಿಲ್ಲ ಅವ್ಳಿಗೆ."

"ಆಮೇಲೆ?"

"ಕ್ಯಾಮೆರಾ ಮುಂದೆ ಕೂತ್ಲು ಅಂತ ನಿಮ್ಮಪ್ಪ ಬಡಿದ. ಬೆಳಗಾಗ್ತಲೇ ನಿನ್ನ ಎತ್ಕೊಂಡು ತವರಿಗೆ ಹೊಂಟ್ಲು. ನಾನೇ... ನಿನ್ನ ಕಿತ್ಕೊಂಡೆ. ಮಗು ಇಲ್ಲಿದ್ರೆ ವಾಪಸ್ ಬತ್ತಾಳೆ ಅಂತ."

"ಬಂದ್ಲಾ?"

ಅಜ್ಜಿಯ ಕೈ ಅವರೆಕಾಯಿಯ ಮೇಲೆ ಸುಮ್ಮನೆ ಆಡುತ್ತಿತ್ತು.

"ಊರೋರ ಕಣ್ಣಿಗೆ ಬೀಳ್ದಂಗೆ ರಾತ್ರಿ ಹೊತ್ತು ಮೂರು ಸತಿ ಬಂದ್ಲು. ನಿನ್ನ ಕೊಡಿ ಅಂದ್ಲು. ನಿನ್ನ ರೂಮಲ್ಲಿ ಹಾಕಿ ಚಿಲಕ ಹಾಕಿದ್ವಿ. ಊರೋರು ಬಾಯಿಗೆ ಬಂದಂಗೆ ಅಂದ್ರು. ಮಗನ ಹೆಸರು ಉಳೀಲಿ ಅಂತ ನಾನು ಸುಮ್ಕಿದ್ದೆ. ಸತ್ಲು ಅಂತ ಅವಳ ಅಣ್ಣ ಬಂದು ಹೇಳ್ದಾಗ್ಲೂ ಸುಮ್ಕಿದ್ದೆ. ತಪ್ಪಾಯ್ತು ಮಗ."

ಸಿನಿಮಾ ಆಗಿದ್ದರೆ ಪ್ರಮೋದಾ ಇಲ್ಲಿ ಅಜ್ಜಿಯನ್ನು ತಬ್ಬಿಕೊಂಡು ಅತ್ತುಬಿಡಬೇಕಿತ್ತು. ಅವಳಿಂದ ಆಗಲಿಲ್ಲ. ಸಾಕಿದವಳೂ ಇವಳೇ, ಚಿಲಕ ಹಾಕಿದವಳೂ ಇವಳೇ. ಅಜ್ಜಿಗೆ ಮಾತ್ರೆಯ ಹೊತ್ತಾಗಿತ್ತು. ನೀರು, ಮಾತ್ರೆ ತಂದು ಪಕ್ಕದಲ್ಲಿಟ್ಟಳು. ಮಾತು ಮಾತ್ರ ಆಡಲಿಲ್ಲ. ಎಷ್ಟು ದಿನ ಆಡುವುದಿಲ್ಲವೋ, ಅವಳಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮುನಿಕೃಷ್ಣನ ಗಾಡಿಯಲ್ಲಿ ಇಬ್ಬರೂ ಸಮೇತನಹಳ್ಳಿಗೆ ಹೋದರು. ಅನುಸೂಯಮ್ಮ ಬಾಗಿಲಲ್ಲೇ ಪ್ರಮೋದಾಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, "ಅದೇ ಕಣ್ಣು ಕಣವ್ವ," ಅಂತ ಅತ್ತಳು. ಆಮೇಲೆ ಹೊಲದ ಕಡೆಗೆ ಕರೆದುಕೊಂಡು ಹೋದಳು. ರಾಗಿ ಹೊಲದ ಬದುವಿನ ಪಕ್ಕ ಮಣ್ಣು ಮಾಡಿದ್ದ ಜಾಗ. ಗುರುತಿಗೆ ಒಂದು ಕಲ್ಲು ನೆಟ್ಟಿದ್ದರು. ಇಬ್ಬರನ್ನೂ ಅಲ್ಲಿ ಬಿಟ್ಟು ಅನುಸೂಯಮ್ಮ ಮನೆಗೆ ಹೋದಳು.

ಪ್ರಮೋದಾ ನಿಂತೇ ಇದ್ದಳು. ಕೇಳಬೇಕೆಂದಿದ್ದ ಪ್ರಶ್ನೆಗೆ ಈಗ ಕೆಲಸವಿರಲಿಲ್ಲ. ಅಮ್ಮ ಬಿಟ್ಟುಹೋಗಿರಲಿಲ್ಲ. ಮೂರು ಸಲ ಬಂದಿದ್ದಳು.

ಮುನಿಕೃಷ್ಣ ಚಪ್ಪಲಿ ಬಿಟ್ಟು ಅವಳ ಪಕ್ಕ ಬಂದ.

"ಪ್ರಮೋದಾ, ಹೆಣ್ಣು ಕೇಳೋಕೆ ಹುಡುಗಿ ಕಡೆ ದೊಡ್ಡೋರ ಹತ್ರ ಹೋಗ್ಬೇಕು. ಮನೇಲಿ ನಮ್ಮಪ್ಪ ಅಮ್ಮಂಗೆ ಎಲ್ಲಾ ಹೇಳಿದೀನಿ, ಒಪ್ಪಿದಾರೆ. ನಿಮ್ಮಜ್ಜಿ ಹತ್ರ ಕೇಳೋಕೆ ನಂಗೆ ಮನಸಿಲ್ಲ. ಇಲ್ಲೇ ಕೇಳ್ಲಾ?"

ಅವಳು ಹೂಂ ಅಂತ ತಲೆಯಾಡಿಸಿದಳು. ಅವನು ಕಲ್ಲಿನ ಮುಂದೆ ಕೂತು ಕೈಮುಗಿದ.

"ಅಮ್ಮ, ನಾನು ಮುನಿಕೃಷ್ಣ ಅಂತ. ನಿಮ್ಮ ಬಗ್ಗೆ ಇಲ್ಲದ್ದು ಹೇಳ್ದೋನು ನಾನೇ. ನಿಮ್ಮ ಮಗಳಂದ್ರೆ ನಂಗೆ ಪ್ರಾಣ. ನಂಗೆ ಕೊಡ್ತೀರಾ?"

ಗಾಳಿ ಬೀಸಲಿಲ್ಲ, ಹೂವು ಉದುರಲಿಲ್ಲ. ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ಓಡುತ್ತಿತ್ತು.

ಪ್ರಮೋದಾ ಅವನ ಪಕ್ಕ ಕೂತು ಅವನ ಕೈ ಹಿಡಿದುಕೊಂಡಳು. ಬುದ್ಧಿ ಬಂದಾಗಿನಿಂದ ಅವಳು ಯಾರನ್ನೂ ಅಮ್ಮ ಅಂತ ಕರೆದಿರಲಿಲ್ಲ.

"ಅಮ್ಮಾ... ಇವ್ರು ಕೇಳ್ತಿದಾರೆ. ನಂಗೂ ಇಷ್ಟ ಇದೆ, ಅಮ್ಮ."

ಆಮೇಲೆ ಅಳು ಬಂತು. ಅವನು ಕೈ ಬಿಡದೆ ಕಾದ.

"ಏನಂದ್ರು ನಿಮ್ಮಮ್ಮ?" ಅಂತ ಮೆಲ್ಲಗೆ ಕೇಳಿದ.

"ಇರಿ," ಅಂದಳು ಕಣ್ಣೊರೆಸಿಕೊಳ್ಳುತ್ತಾ. "ಇನ್ನೊಂದ್ಸಲ ಕರೀತೀನಿ."

"ಕರೀರಿ. ನಂಗೇನೂ ಅವಸರ ಇಲ್ಲ."

ಅವಳು ಮತ್ತೆ ಕರೆದಳು.