ಮೊಹರು ಹಾಕಿದ ಅಂಗಡಿಯ ಎಡಗಾಲು

ಹದಿನೇಳನೇ ತಾರೀಕು, ಬೆಳಿಗ್ಗೆ 9.20. ಮೊಹರು ಹಾಕಿದ ಅಂಗಡಿಯಿಂದ ಒಂದು ಕಾಲು ಕಳವಾಗಿದೆ ಎಂಬ ದೂರನ್ನು ಇನ್ಸ್‌ಪೆಕ್ಟರ್ ಎರಡು ಸಲ ಓದಿಕೊಂಡರು. ದೂರು ಕೊಟ್ಟವರು, ದಿವಾಳಿಯಾದ ಕೃತಕ ಕಾಲಿನ ಅಂಗಡಿಯೊಂದನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದ ಮಹಿಳಾ ಅಧಿಕಾರಿ.

ಎಫ್‌ಐಆರ್ ದಾಖಲಿಸಿ, 10.30ಕ್ಕೆ ಪಂಚನಾಮೆ ಶುರುಮಾಡಿದರು. ಹಿಂಬಾಗಿಲ ಮೊಹರು ಒಡೆದಿತ್ತು, ಬೀಗ ಮಾತ್ರ ಮುರಿದಿರಲಿಲ್ಲ. ಒಳಗೆ ಕಿಟಕಿಯ ಬೆಳಕಿನಲ್ಲಿ ಅಚ್ಚಿನ ಪ್ಲಾಸ್ಟರ್ ಪುಡಿ ತೇಲುತ್ತಿತ್ತು. ಸೂರಿನಿಂದ ಇಳಿಬಿಟ್ಟ ಕಾಲುಗಳು ಗಾಳಿಗೆ ಒಟ್ಟೊಟ್ಟಿಗೆ ತೂಗಿ, ನಿದ್ದೆಯಲ್ಲೇ ಎಲ್ಲಿಗೋ ಹೊರಟಂತಿದ್ದವು. ಬಾಯಿಬಡುಕ ದಫೇದಾರನೂ ಪಿಸುಮಾತಿಗೆ ಇಳಿದಿದ್ದ.

“ಇನ್ನೊಂದು ಕೀಲಿ ಯಾರ ಹತ್ರ ಇದೆ, ಮೇಡಂ?” ಜೊತೆಗೆ ಬಂದಿದ್ದ ಅಧಿಕಾರಿಯನ್ನು ಇನ್ಸ್‌ಪೆಕ್ಟರ್ ಕೇಳಿದರು.

“ಯಜಮಾನರ ಹತ್ರ ಇರ್ಬಹುದು.”

ಆರ್ಡರ್ ಪುಸ್ತಕ ನೋಡಿದರು. ಕಳವಾದದ್ದು ಎಡಗಾಲು, ಮಾಡಿಸಿದ್ದು ಮನೆಮನೆಗೆ ಟಪಾಲು ಹಂಚುವ ಅಂಚೆಯಕ್ಕ, ಹಣ ಪೂರ್ತಿ ಸಂದಾಯ.

“ಹಾಗಾದ್ರೆ ಅದು ಆಯಮ್ಮಂದೇ ಅಲ್ವಾ?”

“ಕೈಗೆ ಸಿಗೋ ಮುಂಚೆ ದಿವಾಳಿ ಆದೇಶ ಬಂತು ಸಾರ್. ಇನ್ನು ಇಲ್ಲಿರೋದೆಲ್ಲ ಮಾರಿ, ಬಾಕಿ ಬರಬೇಕಾದವ್ರಿಗೆಲ್ಲ ಪಾಲು ಹಾಕ್ಬೇಕು. ಆಯಮ್ಮನೂ ಆ ಸರದೀಲಿ ನಿಲ್ಬೇಕು.”

“ಯಜಮಾನನಿಗೆ?”

“ಏನೂ ಮುಚ್ಚಿಡದೆ ಒಪ್ಪಿಸಿದ್ರೆ ಉಳಿದ ಸಾಲದಿಂದ ಬಿಡುಗಡೆ, ಹೊಸ ಬದುಕು. ಕದ್ರೆ ಅದಕ್ಕೂ ಕಲ್ಲು ಬೀಳುತ್ತೆ.”

ಮಧ್ಯಾಹ್ನ 3.40ಕ್ಕೆ ಅಂಚೆಯಕ್ಕನ ಮನೆ, ಮೂರನೇ ಮಹಡಿ. ಬಾಗಿಲು ತೆರೆದವಳು ಎರಡು ಕಾಲ ಮೇಲೆ ನಿಂತಿದ್ದಳು. ಅವಳ ಹಿಂದೆ ನೆಲದ ಮೇಲೆ ಕೂತು ಕಾಲಿನ ಪಟ್ಟಿಯ ಅಳತೆ ನೋಡುತ್ತಿದ್ದ ಅಂಗಡಿ ಯಜಮಾನ ಮೆಲ್ಲಗೆ ಎದ್ದ.

“ಕಾಲು ತಂದಿದ್ದು ನಾನೇ ಸಾರ್. ಕಾನೂನು ಪ್ರಕಾರವೇ ಬಿಡಿಸ್ಕೊಂಡೆ ಅಂತ ಇವಳಿಗೆ ಸುಳ್ಳು ಹೇಳಿದ್ದೆ.”

“ಸಾಲದಿಂದ ಬಿಡುಗಡೆ ತಪ್ಪುತ್ತೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು. ಸೋಮವಾರ ಡ್ಯೂಟಿಗೆ ಹೋಗದಿದ್ರೆ ಇವಳ ಕೆಲಸ ಹೋಗುತ್ತೆ. ಇವಳ ಅಳತೆ ಕಾಲು ಹರಾಜಲ್ಲಿ ಇನ್ಯಾರಿಗೆ ಬೇಕು?”

ಇನ್ಸ್‌ಪೆಕ್ಟರ್ ಅಧಿಕಾರಿಗೆ ಫೋನು ಮಾಡಿದರು. ಆ ಕಡೆ ಪುಟ ತಿರುವಿದ ಸದ್ದು. ಆಮೇಲೆ, “ಬೆಲೆ ಬಾರದ ವಸ್ತು ಬಿಟ್ಟುಕೊಡೋ ಅಧಿಕಾರ ನನಗಿದೆ ಸಾರ್. ಕಾಲು ಅವರ ಹತ್ರಾನೇ ಇರಲಿ, ಬರೆದು ಕೊಡ್ತೀನಿ. ಆದ್ರೆ ಮೊಹರು ಒಡೆದದ್ದು ಒಡೆದದ್ದೇ. ಅವ್ರು ಬಂದು ಒಂದು ಮಾತು ಕೇಳಿದ್ದಿದ್ರೆ ಅವತ್ತೇ ಕೊಡ್ತಿದ್ದೆ.”

ಇನ್ಸ್‌ಪೆಕ್ಟರ್ ಇದನ್ನು ಯಜಮಾನನಿಗೆ ಹೇಳಿದರು. ಅವನು ಅಳತೆ ಟೇಪನ್ನು ಸುತ್ತತೊಡಗಿದ.

“ಕೇಳ್ಬಹುದು ಅಂತ ಹೊಳೀಲೇ ಇಲ್ಲ ಸಾರ್. ವರ್ಷದಿಂದ ಯಾರನ್ನ ಏನು ಕೇಳಿದ್ರೂ ಇಲ್ಲ ಅಂದಿದ್ರು.”

ದಸ್ತಗಿರಿ 4.10ಕ್ಕೆ. ಅಪರಾಧಕ್ಕೆ ಕಾರಣ ಎಂಬ ಕಡೆ ಇನ್ಸ್‌ಪೆಕ್ಟರ್ ಅವನ ಆ ಮಾತನ್ನೇ ಬರೆದುಕೊಂಡರು. ಅಂಚೆಯಕ್ಕ ಕಣ್ಣೊರೆಸಿಕೊಂಡು, ಕೆಳಗಿನವರೆಗೆ ತಾನೂ ಬರುತ್ತೇನೆಂದಳು. ಕಂಬಿ ಹಿಡಿದು ಮುಂದೆ ಇಳಿದಳು, ಒಂದೊಂದೇ ಮೆಟ್ಟಿಲು. ಯಜಮಾನ ಅವಳ ಹೆಜ್ಜೆಯನ್ನೇ ನೋಡುತ್ತ ಹಿಂದೆ ಬಂದ. ಯಾರೂ ಅವಸರ ಮಾಡಲಿಲ್ಲ.